ಮಹಡಿಯ ಮೇಲಿನ ದನಿ

“ಈ ಮನ್ಯಾಗ ಗಂಡ ಅಂಬಾವ ಇರಂಗಿಲ್ರಿ! ಆ ನಾಟಕ ನಿಲ್ಲಸ್ರಿ!”

ಅಲ್ಮಾಸಳ ಕೂಗಿಗೆ ಖಾಲಿ ಹಾಲ್ ಗುಂಯ್ ಎಂದಿತು.

ಮನೆ ಏಜೆಂಟ್ ಶಕೀಲ್ ಬಾಗಿಲಲ್ಲೇ ನಿಂತುಬಿಟ್ಟ. ಮನೆ ತುಂಬಿದರೆ ಹೇಗಿರುತ್ತದೆಂದು ತೋರಿಸಲು, ದಣಿದು ಬಂದ ಗಂಡನ ಹಾಗೆ “ಏ ಬೇಗಂ, ಚಾ ಆತೇನ?” ಎಂದು ದನಿ ತೆಗೆದಿದ್ದ, ಅಷ್ಟೇ...

“ತಪ್ಪಾತ್ರಿ ಮೇಡಂ...”

“ನನ್ನ ಗಂಡ ಜಿಲಾನಿ ಪಾಷಾ ಬ್ಯಾರೆಯಾಕಿನ್ನ ಕಟ್ಕೊಂಡು ಹೋದ. ನಮ್ಮೂರು ಮಾನ್ವಿಗೆಲ್ಲ ಗೊತ್ತದ. ನಿಮಗ ಗೊತ್ತಿರಲಿಲ್ಲ, ಅಷ್ಟ.”

ದೇವದುರ್ಗದ ಬ್ಯಾಂಕಿನಿಂದ ರಾಯಚೂರಿಗೆ ವರ್ಗವಾಗಿ ಬಂದಿದ್ದ ಅಲ್ಮಾಸಳಿಗೆ ಅಮ್ಮಿಯೊಂದಿಗೆ ಇರಲು ಒಂದು ಮನೆ ಬೇಕಿತ್ತು. ಯಾರೂ ‘ಹೊರಗ ನಡಿ’ ಅನ್ನಲಾಗದ, ತನ್ನದೇ ಮನೆ!

ಶಕೀಲ್ ಸೈಟ್ ತೋರಿಸುತ್ತಿದ್ದನೇ ಹೊರತು ಸೈಟ್ ಹೊಡೆಯುವವನಲ್ಲ. ಅವನ ರೀತಿಯೇ ಬೇರೆ. ಮೊದಲು ಅಕ್ಕಪಕ್ಕದವರ ಮನೆಯಲ್ಲಿ ಚಹಾ ಕುಡಿದು ಬರುತ್ತಿದ್ದ. ಆಮೇಲೆ ಗಿರಾಕಿಯನ್ನು ಖಾಲಿ ಮನೆಯಲ್ಲಿ ಕೂರಿಸಿ, ಆ ನೆರೆಯವರೆಲ್ಲರ ದನಿ ಮಾಡಿ ತೋರಿಸುತ್ತಿದ್ದ.

“ಗ್ವಾಡಿ ಹೆಂಗಾರ ಇರಲಿ ಮೇಡಂ, ಗ್ವಾಡಿ ಆಚೀಗೆ ಯಾರದಾರ ಅನ್ನೋದು ಮೊದಲು ಕೇಳ್ರಿ.”

ಬೇಸಿಗೆಯ ಭಾನುವಾರಗಳು ಹೀಗೇ ಉರುಳಿದವು. ಶಕ್ತಿನಗರದ ರಸ್ತೆ ಕಡೆಯ ಒಂದು ಕೆಳಮಹಡಿ ಮನೆ ಅವಳಿಗೆ ಹಿಡಿಸಿಯೇಬಿಟ್ಟಿತು. ಶಕೀಲ್ ಎದುರು ಮನೆಯ ರೇಣುಕಮ್ಮನಾದ. ಸೊಂಟಕ್ಕೆ ಕೈಯಿಟ್ಟ.

“ಲೇ ಹಾಲಿನವನ, ಹಾಲಿಗೆ ನೀರು ಹಾಕೀಯೋ, ನೀರಿಗೆ ಹಾಲು ಹಾಕೀಯೋ?”

ಅಲ್ಮಾಸ್ ಕಿಲಕಿಲ ನಕ್ಕಳು. ನಕ್ಕದ್ದು ತಾನೇನಾ ಎಂದು ತಾನೇ ಬೆಚ್ಚಿದಳು!

“ಮಹಡಿ ಮ್ಯಾಲಿನ ಮನಿಯವರ ದನಿ?”

“ಅಲ್ಲಿ ಚಾ ಇನ್ನೂ ಆಗಿಲ್ರಿ. ನಾಳಿ...”

ಅವನ ಕಣ್ಣು ಒಂದು ಗಳಿಗೆ ಅವಳ ಮೇಲೆಯೇ ಉಳಿಯಿತು. ಅವಳೂ ನೋಟ ತಪ್ಪಿಸಲಿಲ್ಲ.

ಮರುದಿನ ಫೋನ್ ಬಂತು. “ಮೇಡಂ... ಆ ಮನಿ ಮಾರಾಟ ಆತ್ರಿ.”

ಮನಸ್ಸು ಕೇಳದೆ, ಒಮ್ಮೆ ನೋಡಿ ಬರೋಣವೆಂದು ಅಲ್ಮಾಸ್ ಅಲ್ಲಿಗೆ ಹೋದಳು. ರೇಣುಕಮ್ಮ ಬೆರಗಾದಳು.

“ಮಾರ್ಯಾರಂತ ಯಾರು ಹೇಳಿದ್ರು ಯವ್ವಾ? ಬೀಗ ಹಂಗ ಅದಲ್ಲ!”

ಅಲ್ಮಾಸ್ ಆ ಬೀಗವನ್ನೇ ನೋಡಿದಳು. ‘ಬಿಟ್ಟ ಹೆಂಗಸಿಗೆ ಮನಿ ಕೊಡಸಾಕ ಇವನಿಗೂ ಮನಸಿಲ್ಲ... ಇವನೂ ಅಂಥಾವನ!’

ಫೋನಿನಲ್ಲಿ ಕೂಗಿ ಕರೆಸಿದಳು. ಶಕೀಲ್ ಬೈಕಿನಿಂದ ಇಳಿಯುವಷ್ಟರಲ್ಲಿ ಅವಳ ಕಣ್ಣುಗಳು ಕೆಂಪಾಗಿದ್ದವು.

“ಯಾಕ ಸುಳ್ಳು ಹೇಳಿದ್ರಿ?”

ಅವನು ಬಾಯಿ ತೆರೆಯುವ ಮುನ್ನವೇ ಮಹಡಿಯಿಂದ ಒಂದು ಗಂಡು ದನಿ ತೇಲಿ ಬಂತು.

“ಅರೆ ಮೇರಿ ಜಾನ್, ಟವೆಲ್ ಕಿಧರ್ ರಖೀ?”

ಜಿಲಾನಿ! ಟವೆಲ್ ಎಲ್ಲಿಟ್ಟೆ ಎಂದು ಹೊಸ ಹೆಂಡತಿಯನ್ನು ಕೇಳುತ್ತಿದ್ದ. ಅದೇ ‘ಜಾನ್’, ಜೀವ... ಒಂದು ಕಾಲಕ್ಕೆ ಅದು ಅವಳ ಹೆಸರಾಗಿತ್ತು. ಅಲ್ಮಾಸ್ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

“ಚಾ ಕುಡಿಯಾಕ ಮ್ಯಾಲ ಹೋಗಿದ್ದೆ,” ಶಕೀಲ್ ಮೆಲ್ಲಗೆ ಅಂದ. “‘ನಾ ಮಾನ್ವಿಯವ, ಜಿಲಾನಿ ಪಾಷಾ’ ಅಂದ ಅಲ್ಲಿರಾವ. ಆ ದನಿ ನಿಮ್ಮ ಮುಂದ ಹೆಂಗ ಮಾಡ್ಲಿ?”

“ಅವ ಹೋಗೂ ಮುಂದ ನನ್ನ ಕೇಳಲಿಲ್ಲ. ನೀವೂ ಕೇಳಲಿಲ್ಲ! ನಾ ಏನು ತಡಕೋತೀನಿ ಅನ್ನೋದು ಎಲ್ಲಾರೂ ನೀವ ತೀರ್ಮಾನ ಮಾಡ್ತೀರಿ...”

ಊರವರ ದನಿಯನ್ನೆಲ್ಲ ಗಂಟಲಲ್ಲಿ ಇಟ್ಟುಕೊಂಡವನು ಈ ಸಲ ತನ್ನದೇ ದನಿಯಲ್ಲಿ ಮಾತಾಡಿದ.

“ನಿಮಗಾಗಿ ಅಲ್ರಿ, ನನಗಾಗಿ ಹೆದರಿದೆ. ನೀವಂದ್ರ ನನಗ ಜೀವ. ನೀವು ಅತ್ತರ ನೋಡಾಕ ಆಗಂಗಿಲ್ಲ...”

“ಈಗ ಅಳಾಕತ್ತೀನಲ್ಲ? ನೋಡ್ರಿ.”

ಅವನು ಕೆಳಗಿನ ಮೆಟ್ಟಿಲಿನಲ್ಲಿ ಕುಳಿತು, ಮುಖ ತಿರುಗಿಸದೆ ನೋಡಿದ. ಅವಳ ಅಳು ತೀರುವವರೆಗೂ.

“ಈ ಮನಿ ಬ್ಯಾಡ,” ಕಣ್ಣೊರೆಸಿಕೊಂಡಳು. “ಇದು ನಾ ಹೇಳಿದ್ದು, ನೀವಲ್ಲ.”

“ಹೂಂರಿ.”

“ಬ್ಯಾರೆ ಮನಿ ತೋರಸ್ರಿ. ಅಮ್ಮೀನೂ ಬರ್ತಾಳ.”

“ಮತ್ತ... ನಾ ಅಂದದ್ದಕ್ಕ?”

“ಇವತ್ತ ಜವಾಬು ಇಲ್ಲ, ಶಕೀಲ್.” ಮೊದಲ ಸಲ ಹೆಸರು ಹಿಡಿದು ಕರೆದಳು. “ಆದ್ರ... ಕೇಳೋದು ಬಿಡಬ್ಯಾಡ್ರಿ.”