ಮೆಟ್ಟಿಲ ಮೇಲಿನಿಂದ ಕೂಗಿದ ಹೆಸರು

"ಬಂದೆ ಕಣಮ್ಮಾ, ಮೊಣಕಾಲು ನೋವು, ಮೆಲ್ಲಗೆ ಬರ್ತೀನಿ" ಎಂದು ಕೆಳಗಿನಿಂದ ನಡುಗುವ ದನಿಯೊಂದು ಕೇಳಿತು.

ಮೂರನೇ ಮಹಡಿಯ ಮೆಟ್ಟಿಲ ತುದಿಯಲ್ಲಿ ನಿಂತು ಹಸುಗೂಸಿಗೆಂದು ಆರಿಸಿದ ಹೆಸರನ್ನು ಕೂಗಿದ್ದ ಅಜ್ಜಿ ಪೆಚ್ಚಾದಳು. ಈ ಹೆಸರಿನ ಮುದುಕಿಯೂ ಕಟ್ಟಡದಲ್ಲಿ ಇದ್ದಾಳೆಯೇ?

ಪಕ್ಕದಲ್ಲಿದ್ದ ಮೊಮ್ಮಗಳು ಚೂಟಿ ನಗು ತಡೆಯಲು ತುಟಿ ಕಚ್ಚಿಕೊಂಡಳು.

ಅವರ ಮನೆಯಲ್ಲಿ ಹೆಸರನ್ನು ಕೂಗಿ ನೋಡಿಯೇ ಇಡುತ್ತಿದ್ದರು. ಮಕ್ಕಳು ಆಡುವುದು ಕೆಳಗೆ ಅಂಗಳದಲ್ಲಿ, ಊಟ ಇರುವುದು ಮೇಲೆ. ಎಲ್ಲರ ಹೆಸರನ್ನೂ ಒಂದೇ ಉಸಿರಿಗೆ ಕೂಗಿದರೆ ನಾಲಿಗೆ ತೊಡರಬಾರದು, ಬೇರೆ ಯಾರೂ ಓಗೊಡಬಾರದು. ಅಕ್ಕನಿಗೂ ಚೂಟಿಗೂ ಹಾಗೆಯೇ ಆರಿಸಿದ್ದರು. ಎರಡೂ ಹಳೇ ಕಾಲದ, ತೂಕದ ಹೆಸರುಗಳು. ಈಗ ತೊಟ್ಟಿಲಲ್ಲಿರುವ ಮೂರನೆಯವಳಿಗೆ ಅವುಗಳ ಜೊತೆ ಹೊಂದುವ ಹೆಸರು ಬೇಕಿತ್ತು.

ಚೂಟಿಗೆ ಮಾತ್ರ ಅದು ಬೇಡವಾಗಿತ್ತು. ಚೂಟಿ ಎನ್ನುವುದು ಮುದ್ದಿನ ಹೆಸರಷ್ಟೇ; ಅವಳ ನಿಜ ಹೆಸರು ಕೇಳಿ ಕ್ಲಾಸಿನವರು ಅವಳಿಗೆ ಅಜ್ಜಮ್ಮ ಎಂದೇ ಅಡ್ಡಹೆಸರು ಇಟ್ಟಿದ್ದರು. ಹಾಜರಿ ಕರೆದಾಗ ಹಿಂದಿನ ಬೆಂಚಿನವನೊಬ್ಬ ಊರುಗೋಲು ಎಂದು ಕೊಡೆ ಚಾಚುತ್ತಿದ್ದ. ಎಲ್ಲರ ಜೊತೆ ಅವಳೂ ನಗುತ್ತಿದ್ದಳು, ಆದರೆ ಒಳಗೊಳಗೇ ಅಳು ಬರುತ್ತಿತ್ತು. ತಂಗಿಗೆ ಈ ಗತಿ ಬರಬಾರದು ಎಂದು ಅವಳು ಹಟ ತೊಟ್ಟಿದ್ದಳು.

ಅದಕ್ಕೇ ಕೆಳಮನೆಯ ಗೆಳತಿ ಗುಂಡಿಗೆ ಚಾಕಲೇಟ್ ಕೊಟ್ಟು, ಮುದುಕಿಯ ದನಿಯಲ್ಲಿ ಓಗೊಡಲು ಮೆಟ್ಟಿಲ ಅಡಿಯಲ್ಲಿ ಕೂರಿಸಿದ್ದಳು. ಗುಂಡಿ ಕೊಟ್ಟ ಕೆಲಸಕ್ಕಿಂತ ಜಾಸ್ತಿಯೇ ಮಾಡುವವಳು. ಒಂದು ಹೆಸರಿಗೆ ಕೆಮ್ಮಿದಳು, ಇನ್ನೊಂದಕ್ಕೆ ಕನ್ನಡಕ ಸಿಗ್ತಿಲ್ಲ ಎಂದು ಗೋಳಾಡಿದಳು.

"ಇಷ್ಟು ಮುದುಕೀರು ಇದಾರೆ, ಒಬ್ಬಳಾದ್ರೂ ನನ್ನ ಮಾತಾಡ್ಸೋಕೆ ಬಂದಿಲ್ಲ ನೋಡು" ಎಂದು ಅಜ್ಜಿ ಮುಖ ಸಣ್ಣದು ಮಾಡಿಕೊಂಡಳು. ಮೊದಲು ಕೂಗಿದ ಹೆಸರೆಂದರೆ ಅವಳಿಗೆ ಪ್ರಾಣ. ಅದನ್ನೂ ಬಿಡಬೇಕಾಯಿತಲ್ಲ ಎಂದು ಕೊರಗಿದಳು.

ಇದೇ ಸಮಯ ಎಂದು ಚೂಟಿ ತಾನು ಆರಿಸಿದ ಹೆಸರನ್ನು ಮುಂದಿಟ್ಟಳು. ಟೀವಿಯಲ್ಲಿ ಬರುವ ಹುಡುಗಿಯದು, ಪುಟ್ಟದು, ಸ್ಟೈಲಾಗಿತ್ತು. ಸರಿ, ನೀನೇ ಕೂಗು ಎಂದಳು ಅಜ್ಜಿ. ಚೂಟಿ ವರಾಂಡದ ಕಂಬಿಗೆ ಒರಗಿ, ಅಂಗಳಕ್ಕೆ ಕೇಳುವಂತೆ ಕೂಗಿದಳು.

ಹಗ್ಗದಾಟ ಆಡುತ್ತಿದ್ದವಳು ನಿಂತು ಏನು ಎಂದಳು. ಸೈಕಲ್ ಮೇಲಿದ್ದವಳು ಬ್ರೇಕ್ ಹಾಕಿದಳು. ಮರಳಲ್ಲಿ ಕೂತಿದ್ದ ಪುಟಾಣಿಯೂ ಕತ್ತೆತ್ತಿತು. ಎರಡನೇ ಮಹಡಿಯ ಕಿಟಕಿಯಿಂದ ಒಬ್ಬ ತಾಯಿ ತಲೆ ಹಾಕಿ, "ನನ್ನ ಮಗಳು ಹೋಮ್‌ವರ್ಕ್ ಮಾಡ್ತಿದಾಳೆ, ಯಾಕಮ್ಮಾ?" ಎಂದಳು.

ಚೂಟಿ ತಬ್ಬಿಬ್ಬಾದಳು. ಇವರಿಗೆಲ್ಲ ಅವಳು ಚಾಕಲೇಟ್ ಕೊಟ್ಟಿರಲಿಲ್ಲ! ಕ್ಲಾಸಿನಲ್ಲೂ ಆ ಹೆಸರಿನವರು ಸಾಕಷ್ಟಿದ್ದರು. ಅವರನ್ನೆಲ್ಲ ಮಿಸ್, ಕಿಟಕಿ ಹತ್ರದವಳು, ಉದ್ದ ಜಡೆಯವಳು ಎಂದು ಕರೆಯುತ್ತಿದ್ದರು.

ಅಜ್ಜಿ ಅವಳ ಪಕ್ಕಕ್ಕೆ ಬಂದು ಅಕ್ಕನ ಹೆಸರು ಕೂಗಿದಳು. ಅಂಗಳದಲ್ಲಿ ಅಕ್ಕನೊಬ್ಬಳೇ ಕೈ ಎತ್ತಿದಳು. ಆಮೇಲೆ ಚೂಟಿಯ ಹೆಸರು ಕೂಗಿದಳು. ಹಗ್ಗದವಳು, ಸೈಕಲಿನವಳು, ಪುಟಾಣಿ, ಎಲ್ಲರೂ ನೇರವಾಗಿ ಚೂಟಿಯನ್ನೇ ನೋಡಿದರು. ಯಾವಳು ಎಂದು ಯಾರೂ ಕೇಳಲಿಲ್ಲ.

ನಾಳೆ ಕೊಡೆ ಚಾಚುವವನು ಚಾಚಿಯೇ ಚಾಚುತ್ತಾನೆ. ಚಾಚಲಿ ಎಂದು ಚೂಟಿಗೆ ಅನಿಸಿತು.

ಅವಳು ಮೆಟ್ಟಿಲ ತುದಿಗೆ ಹೋದಳು. ಅಕ್ಕನ ಹೆಸರು, ತನ್ನ ಹೆಸರು, ಅಜ್ಜಿ ಮೊದಲು ಆರಿಸಿದ ಆ ಹೆಸರು, ಮೂರನ್ನೂ ಒಂದೇ ಉಸಿರಿಗೆ ಕೂಗಿದಳು. ನಾಲಿಗೆ ಎಲ್ಲೂ ತೊಡರಲಿಲ್ಲ.

"ಬಂದೆ ಕಣಮ್ಮಾ, ಮೊಣಕಾಲು..."

"ಲೇ ಗುಂಡಿ, ಸಾಕು ಮಾಡೇ" ಎಂದಳು ಚೂಟಿ ಕೆಳಗೆ ಬಗ್ಗಿ. "ಅದು ನನ್ನ ತಂಗಿ ಹೆಸರು. ಅವಳೇ ಓಗೊಡ್ತಾಳೆ."

ಅಜ್ಜಿಗೆ ಎಲ್ಲ ಅರ್ಥವಾಯಿತು. ಅವಳ ಕೈ ಹಿಂದಿನಿಂದ ಚೂಟಿಯ ಕಿವಿಯ ಕಡೆಗೆ ಬಂತು. ಚೂಟಿ ಓಡಲಿಲ್ಲ.