ಬೀರುವಿನ ಎರಡನೇ ಕೋಟ್

ಕೆಳಮನೆಯ ಗಡಿಯಾರ ರಿಪೇರಿಯವರು ಬಾಗಿಲು ಬಡಿದಾಗ ನಾನಿನ್ನೂ ಹಲ್ಲುಜ್ಜುತ್ತಿದ್ದೆ. ಅವರು ಬಂದದ್ದು ನನ್ನನ್ನು ನೋಡಲಲ್ಲ ಎಂಬುದು ಗೊತ್ತಿತ್ತು. ನಮ್ಮ ಕಟ್ಟಡದಲ್ಲಿ ಏನು ಕಳೆದರೂ ಜನ ಹುಡುಕಿಕೊಂಡು ಬರುವುದು ನನ್ನ ಹೆಂಡತಿಯನ್ನು.

"ಮಗಳ ಪಿಟೀಲು ಕಾಣ್ತಿಲ್ಲ ಮೇಡಂ. ಸಂಜೆ ಸ್ಪರ್ಧೆ ಬೇರೆ ಇದೆ. ಕದ್ದಿದ್ದು ಯಾರು ಅಂತ ಗೊತ್ತು, ನೀವು ಅವಳ ಬಾಯಿ ಬಿಡಿಸಿದ್ರೆ ಸಾಕು."

"ಗೊತ್ತಿದ್ಮೇಲೆ ನನ್ನ ಯಾಕೆ ಎಬ್ಬಿಸಿದ್ರಿ?" ಎನ್ನುತ್ತಲೇ ನನ್ನಾಕೆ ಚಪ್ಪಲಿ ಮೆಟ್ಟಿಯಾಗಿತ್ತು.

ಅವರು ದೂರುತ್ತಿದ್ದದ್ದು ತೀರಿಹೋದ ತಂಗಿಯ ಮಗಳನ್ನು. ಚಿಕ್ಕಂದಿನಿಂದ ಅವರ ಮನೆಯಲ್ಲೇ ಬೆಳೆದ ಹುಡುಗಿ. ಅವಳನ್ನು ಅಂದೇ ಹಾಸ್ಟೆಲಿಗೆ ಅಟ್ಟುವುದೆಂದು ತೀರ್ಮಾನಿಸಿ, ಬಟ್ಟೆ ತುಂಬಿದ ಚೀಲವನ್ನು ಹೊಸಿಲ ಹತ್ತಿರ ಇಟ್ಟಿದ್ದರು.

ಪಿಟೀಲು ಇದ್ದದ್ದು ಒಳಕೋಣೆಯ ಬೀರುವಿನಲ್ಲಿ. ಅವರು ರಜೆ ಹಾಕಿ ಕೈಯಾರೆ ಬಣ್ಣ ಬಳಿದ ಕೋಣೆ ಅದು. ಗೋಡೆಗೂ ಮರದ ಬೀರುವಿಗೂ ಒಂದೇ ಕೆನೆಬಣ್ಣ. ಕೋಣೆಯ ಸಾಮಾನೆಲ್ಲ ಹಾಲ್‌ನಲ್ಲಿ ರಾಶಿ ಬಿದ್ದು, ಹಳೆಯ ಬೆಡ್‌ಶೀಟುಗಳನ್ನು ಹೊದ್ದು ಕೂತಿತ್ತು.

ನನ್ನಾಕೆ ಗೋಡೆ ಸವರಿದಳು. "ಭೇಷಾಗಿ ಬಂದಿದೆ. ಅಂಚೆಲ್ಲ ಬ್ರಷ್‌ನಲ್ಲಿ ಮುಗಿಸಿ, ಅದು ಹಸಿ ಇರುವಾಗ್ಲೇ ರೋಲರ್ ಎಳೆದಿದ್ದೀರಿ. ಒಂದು ಗೆರೆ ಇಲ್ಲ ನೋಡಿ."

"ಗೋಡೆಗೆ ಇವಳೂ ಕೈ ಹಾಕಿದ್ಲು," ಎಂದು ಅವರು ಸೋದರಸೊಸೆಯತ್ತ ಕೈ ತೋರಿದರು. "ಬೀರು ಮಾತ್ರ ನಾನೊಬ್ನೇ ಮಾಡಿದ್ದು. ನಿನ್ನೆ ಮಧ್ಯಾಹ್ನ ಒಂದು ಕೋಟ್, ಸಂಜೆ ಇನ್ನೊಂದು. ಆಗ ಪಿಟೀಲು ಒಳಗೇ ಇತ್ತು."

ಬೀರುವಿನ ಬಾಗಿಲಂಚಿನಲ್ಲಿ ಬೆರಳು ಎಳೆದ ಗುರುತು ಎದ್ದು ಕಾಣುತ್ತಿತ್ತು. "ಇವಳ ಉಗುರು ನೋಡಿ, ಅದೇ ಬಣ್ಣ!" ಎಂದು ಅವರು ಗುಡುಗಿದರು. ಸೊಸೆ ತಲೆ ತಗ್ಗಿಸಿ ಬೆರಳು ಮಡಚಿಕೊಂಡಳು.

ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದ ಮಗಳು, "ನಂಗೆ ಪೇಂಟ್ ವಾಸನೇನೇ ಆಗಲ್ಲ ಆಂಟಿ. ಆ ಕಡೆ ತಲೆ ಕೂಡ ಹಾಕಿಲ್ಲ," ಎಂದಳು. ನನ್ನಾಕೆ ಅವಳ ಎರಡೂ ಕೈ ಹಿಡಿದು ಬಹಳ ಹೊತ್ತು ಸಮಾಧಾನ ಮಾಡಿದಳು. ಇಷ್ಟು ಅಕ್ಕರೆ ನನ್ನ ಮೇಲೆ ಯಾವತ್ತಾದರೂ ತೋರಿಸಿದ್ದುಂಟೇ ಎಂದುಕೊಂಡೆ.

ಬಚ್ಚಲಲ್ಲಿ ಥಿನ್ನರ್ ಬಾಟಲಿ ಮುಚ್ಚಳವಿಲ್ಲದೆ ನಿಂತಿತ್ತು. "ಬ್ರಷ್ ತೊಳೆದಮೇಲೆ ಬಿಗಿಯಾಗೇ ಮುಚ್ಚಿದ್ನಲ್ಲ," ಎಂದು ರಿಪೇರಿಯವರು ಗೊಣಗಿದರು.

ನನ್ನಾಕೆ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ, ಒಂದು ಮಗ್ ಬಿಸಿನೀರಿಗೆ ಸೋಪು ಕದಡಿದಳು. ಸೊಸೆಯ ಬೆರಳು ಅದ್ದಿಸಿ ಬಟ್ಟೆಯಿಂದ ಉಜ್ಜಿದಳು. ಬಣ್ಣ ಸಿಪ್ಪೆಸಿಪ್ಪೆಯಾಗಿ ಬಿಟ್ಟಿತು. ಆಮೇಲೆ ಬೀರುವಿನ ಬಣ್ಣವನ್ನು ತನ್ನ ಬೆರಳಿಗೇ ಮೆತ್ತಿಕೊಂಡು ಅದೇ ನೀರಿನಲ್ಲಿ ಉಜ್ಜಿದಳು. ಅದು ಹಾಗೇ ಉಳಿಯಿತು.

"ಗೋಡೆಗೆ ನೀರಿನ ಪೇಂಟ್, ಸೋಪಿಗೆ ಬಿಡುತ್ತೆ. ಬೀರುಗೆ ಆಯಿಲ್ ಪೇಂಟ್, ಥಿನ್ನರ್ ಇಲ್ದೆ ಜಪ್ಪಯ್ಯ ಅಂದ್ರೂ ಬಿಡಲ್ಲ. ಇವಳ ಉಗುರಲ್ಲಿ ಇದ್ದಿದ್ದು ಬರೀ ಗೋಡೆ ಬಣ್ಣ. ಇವಳೇ ಬೀರು ಮುಟ್ಟಿ, ಥಿನ್ನರ್ ಹಾಕಿ ಕೈ ಉಜ್ಜಿಕೊಂಡಿದ್ರೆ ಇದೂ ಉಳೀತಿರಲಿಲ್ಲ."

"ಹಾಗಾದ್ರೆ ಮತ್ಯಾರು?"

"ನಿಮ್ಮ ಅವಸರ ಒಳ್ಳೇದೇ ಮಾಡ್ತು. ಮೊದಲ ಕೋಟ್ ಪೂರ್ತಿ ಒಣಗೋಕೆ ಬಿಡದೆ ಎರಡನೇದು ದಪ್ಪಗೆ ಬಳಿದ್ರಿ. ಬಾಗಿಲು ಇನ್ನೂ ಅಂಟಂಟು. ಅದನ್ನ ತೆಗೆದವರ ಕೈಗೆ ಬಣ್ಣ ಮೆತ್ತಿತು, ಅವರು ಥಿನ್ನರ್ ಹುಡುಕಿಕೊಂಡು ಹೋದ್ರು. ಪೇಂಟ್ ವಾಸನೇನೇ ಆಗದವರ ಅಂಗೈ ಥಿನ್ನರ್ ನಾತ ಹೊಡೀತಿದ್ರೆ ನಾನೇನು ಅಂದ್ಕೋಬೇಕು?"

ನನ್ನಾಕೆಯ ಮೂಗಿಗೆ ನಾನು ಮದುವೆಯಾದಂದಿನಿಂದ ಹೆದರುತ್ತ ಬಂದವನು. ಅಂದು ಅದಕ್ಕೆ ಕೈಮುಗಿಯಬೇಕೆನಿಸಿತು.

ಮಗಳು ಎದ್ದು, ಬೆಡ್‌ಶೀಟ್ ಸರಿಸಿ, ಸುತ್ತಿಟ್ಟ ಹಾಸಿಗೆಯ ಹಿಂದಿನಿಂದ ಪಿಟೀಲಿನ ಪೆಟ್ಟಿಗೆ ಎಳೆದಳು. "ವೇದಿಕೆ ಹತ್ತಿದ್ರೆ ನಂಗೆ ಕೈ ನಡುಗತ್ತೆ ಅಪ್ಪ. ನಿಮಗೆ ಹೇಳೋ ಧೈರ್ಯ ಬರಲಿಲ್ಲ. ಇವಳ ಮೇಲೆ ಬರುತ್ತೆ ಅಂತ ಅಂದ್ಕೊಂಡೇ ಇರಲಿಲ್ಲ. ಬಂದಮೇಲೂ ಬಾಯಿ ಬಿಡಲಿಲ್ಲ."

ರಿಪೇರಿಯವರು ಹೊಸಿಲಿಗೆ ಹೋಗಿ ಚೀಲ ಎತ್ತಿಕೊಂಡರು. ಸೊಸೆ ಆಗ ಮೊದಲ ಸಲ ಬಾಯಿ ತೆರೆದಳು.

"ನನ್ನ ಒಂದು ಮಾತು ಕೇಳಬೇಕಿತ್ತು ಮಾವ. ನಾನು ಅಲ್ಲ ಅಂತಿದ್ದೆ. ನೀವು ನಂಬ್ತಿದ್ರಾ?"

ಅವರು ಹೂಂ ಎನ್ನುತ್ತಾರೆಂದೇ ನಾನು ಕಾದೆ.

"ಇಲ್ಲ ಕಣಮ್ಮ, ನಂಬ್ತಿರಲಿಲ್ಲ," ಎಂದರು. "ಕಳ್ಳತನಕ್ಕಿಂತ ದೊಡ್ಡ ತಪ್ಪು ಅದೇ."

ಹುಡುಗಿ ಹತ್ತಿರ ಬಂದು ಚೀಲದ ಇನ್ನೊಂದು ಹಿಡಿಗೆ ಕೈ ಹಾಕಿದಳು. ಇಬ್ಬರೂ ಅದನ್ನು ಒಳಗೆ ಒಯ್ದರು.