ಹಳದಿ ಚೀಟಿಯ ತಟ್ಟೆ

"ಲೋ ಗಿಳಿ, ಮಾತು ಸಾಕು, ಹಳದಿ ತಟ್ಟೆ ಇಡು," ಎಂದಳು.

ಸಿಕ್ಕವರ ದನಿಯನ್ನೆಲ್ಲ ಅನುಕರಿಸುತ್ತಿದ್ದುದರಿಂದ ಲ್ಯಾಬಿನಲ್ಲಿ ಅವನಿಗೆ ಗಿಳಿ ಎಂದೇ ಹೆಸರು. ನರಕೋಶ ಬೆಳೆಸುವುದು ಅವಳ ಕೆಲಸ, ಮೈಕ್ರೋಸ್ಕೋಪಿನಲ್ಲಿ ಅಳೆಯುವುದು ಅವನದು. ಯಾವ ತಟ್ಟೆಯ ಕೋಶ ಯಾರದೆಂದು ಅಳೆಯುವವನಿಗೆ ತಿಳಿಯಬಾರದು. ಬಣ್ಣದ ಚೀಟಿಯಷ್ಟೇ ಗುರುತು. ಆ ನಿಯಮದ ಮರೆಯಲ್ಲಿ ಅವಳು ತನ್ನದೇ ತೋಳಿನ ಚರ್ಮದಿಂದ ಬೆಳೆಸಿದ ನರಕೋಶಗಳ ತಟ್ಟೆಗೆ ಹಳದಿ ಚೀಟಿ ಅಂಟಿಸಿ ಉಳಿದವುಗಳ ನಡುವೆ ಸೇರಿಸಿದ್ದಳು.

ಅವಳ ಅಮ್ಮನ ಕೈಯಲ್ಲಿ ಲೋಟ ನಿಲ್ಲದು, ನೆಲದ ಮೇಲೆ ಕಾಲು ನಿಲ್ಲದು. ವಂಶದಲ್ಲಿ ಇಳಿದು ಬರುವ ಕಾಯಿಲೆ. ಗಿಳಿ "ಮದುವೆ ಆಗೋಣ್ವಾ?" ಎಂದಾಗ "ಸ್ವಲ್ಪ ತಾಳು" ಎಂದವಳು ಈ ತಟ್ಟೆಯ ಉತ್ತರಕ್ಕೇ ಕಾದಿದ್ದಳು.

ಪರದೆಯ ಮೇಲೆ ಕೋಶಗಳು ಫಕ್ಕನೆ ಹೊಳೆದವು. ಕ್ಯಾಲ್ಸಿಯಂ ಒಳನುಗ್ಗಿದರೆ ಹಾಗೆ ಬೆಳಗುತ್ತವೆ. ಆರೋಗ್ಯವಂತ ಕೋಶ ಅದನ್ನು ಕೂಡಲೇ ಹೊರದಬ್ಬಿ ಕತ್ತಲಾಗುತ್ತದೆ. ದಬ್ಬಲಾಗದಿದ್ದರೆ, ಒಳಗುಳಿದ ಕ್ಯಾಲ್ಸಿಯಮ್ಮೇ ಅದನ್ನು ಮೆಲ್ಲಗೆ ಕೊಲ್ಲುತ್ತದೆ.

ಆರಿಬಿಡು, ಆರಿಬಿಡು ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

ಆರಲಿಲ್ಲ.

"ಏನಮ್ಮಾ ಇದು," ಗಿಳಿ ಪ್ರೊಫೆಸರರ ಮೂಗಿನ ದನಿ ತೆಗೆದ, "ಈ ಮನೆಯವರು ಲೈಟ್ ಆಫ್ ಮಾಡೋದೇ ಕಲ್ತಿಲ್ವೇನಮ್ಮಾ?" ಓರೆಗಣ್ಣಿನಲ್ಲಿ ಅವಳತ್ತ ನೋಡಿದವನು ನಗು ನುಂಗಿದ.

"ಆ ಮನೆ ನಂದೇ ಕಣೋ."

ಗಿಳಿ ಹಳದಿ ಚೀಟಿಯತ್ತ ನೋಡಿದ, ಮತ್ತೆ ಅವಳತ್ತ.

"ಅಳತೆ ತಪ್ಪಾಗಿದೆ ಅನ್ನು," ಎಂದಳು. "ಸುಳ್ಳಾದ್ರೂ ಹೇಳು."

"ಹೇಳಲ್ಲ. ಆದ್ರೆ ಒಂದು ತಟ್ಟೆ ನೋಡಿ ಕಾಯಿಲೆ ಇದೆ ಅಂತಾನೂ ಹೇಳಕ್ಕಾಗಲ್ಲ. ರಕ್ತ ಪರೀಕ್ಷೆ ಮಾಡ್ಸೋಣ. ಜೊತೇಲಿ ಬರ್ತೀನಿ." ಅದು ಯಾರ ಅನುಕರಣೆಯೂ ಅಲ್ಲ, ಅವನದೇ ಒಡಕು ದನಿ.

"ಇದೆ ಅಂತ ಬಂದ್ರೆ? ಅಮ್ಮನ್ನ ನೋಡಿದೀಯಲ್ಲ."

"ನಿಮ್ಮಪ್ಪನ್ನೂ ನೋಡಿದೀನಿ. ಅಮ್ಮ ಕಾಫಿ ಚೆಲ್ಲಿದ್ರೆ ಶರ್ಟ್ ತೋರ್ಸಿ, 'ಡಿಸೈನ್ ಹೇಗಿದೆ?' ಅಂತಾರೆ. ಅಮ್ಮ ಬಿದ್ದು ಬಿದ್ದು ನಗ್ತಾರೆ."

"ಬೀಳೋದು ಅಮ್ಮಂಗೆ ಚೆನ್ನಾಗೇ ಬರುತ್ತೆ," ಎಂದವಳಿಗೆ ನಗುವೂ ಅಳುವೂ ಒಟ್ಟಿಗೇ ಉಕ್ಕಿತು. ಅವನು ಚಾಚಿದ ಕೈ ಹಿಡಿಯಲಿಲ್ಲ. ಅವನ ತೋಳಿನ ಬಟ್ಟೆಯ ಅಂಚನ್ನಷ್ಟೇ ಬಿಗಿಯಾಗಿ ಹಿಡಿದಳು.

"ಪರೀಕ್ಷೆಗೆ ಬಾ. ಅದಕ್ಕೆ ಮುಂಚೆ ಅಪ್ಪನ ಹತ್ರ ಬಂದು ಹೆಣ್ಣು ಕೇಳು. ರಿಪೋರ್ಟ್ ಬಂದ್ಮೇಲೆ ಕೇಳಿದ್ರೆ, ಕನಿಕರಕ್ಕೆ ಕೇಳ್ದೆ ಅಂತ ಜೀವನವಿಡೀ ಜಗಳ ಆಡ್ತೀನಿ."

"ಅಪ್ಪ ಈಗ ಮನೇಲಿದಾರಾ?"

ಅವನಾಗಲೇ ಬಿಳಿ ಕೋಟಿನ ಗುಂಡಿ ಬಿಚ್ಚುತ್ತಿದ್ದ.